ಬೆಳಗಿನ ಶುಗರ್ ಮತ್ತು ಲಿವರ್: ಪದೇ ಪದೇ ಕೇಳುವ ಪ್ರಶ್ನೆಗಳು

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ಕೇರಳದಲ್ಲಿ 20 ವರ್ಷ ದಾಟಿದವರಲ್ಲಿ ಶೇ. 25.5ರಷ್ಟು ಜನರಿಗೆ ಮಧುಮೇಹವಿದೆ. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ಮನೆಗಳಲ್ಲಿ ಗ್ಲೂಕೋಮೀಟರ್ ಈಗ ಅಡಿಕೆ ಕತ್ತಿಯಷ್ಟೇ ಮಾಮೂಲು. ಹೆಚ್ಚಿನವರು ಲೆಕ್ಕ ಇಡುವುದು ತಟ್ಟೆಗೆ ಬಿದ್ದ ಅನ್ನವನ್ನು ಮಾತ್ರ, ಲಿವರ್ ಸುರಿಯುವ ಸಕ್ಕರೆ ಅವರ ಲೆಕ್ಕಕ್ಕೆ ಬರುವುದಿಲ್ಲ. ಈ ಪುಟ ಆ ಎರಡನೆಯ ಲೆಕ್ಕದ ಬಗ್ಗೆ. ಇಲ್ಲಿರುವುದು ಟೈಪ್ 2 ಮಧುಮೇಹ ಇರುವ ವಯಸ್ಕರಿಗೆ ಮಾತ್ರ. ಗರ್ಭಿಣಿಯರಿಗೂ ಟೈಪ್ 1 ಇರುವವರಿಗೂ ಲೆಕ್ಕವೇ ಬೇರೆ.

ಪ್ರ: ರಾತ್ರಿ ಎರಡು ಸೌಟು ಗಂಜಿ ಬಿಟ್ಟರೆ ಬೇರೇನೂ ಇಲ್ಲ. ಮಲಗುವಾಗ 140 ಇದ್ದ ಶುಗರ್ ಬೆಳಿಗ್ಗೆ 168. ನಿದ್ದೆಯಲ್ಲಿ ತಿಂದವರು ಯಾರು?

ತಿಂದವರು ಯಾರೂ ಇಲ್ಲ, ಕೊಟ್ಟದ್ದು ಲಿವರ್. ಐದು ಲೀಟರ್ ರಕ್ತದಲ್ಲಿ, ಡೆಸಿಲೀಟರಿಗೆ 100 ಮಿ.ಗ್ರಾಂ ಲೆಕ್ಕದಲ್ಲಿ, ಇರುವ ಗ್ಲೂಕೋಸ್ ಒಟ್ಟು 5 ಗ್ರಾಂ, ಅಂದರೆ ಒಂದು ಚಹಾ ಚಮಚ. ಮಿದುಳೊಂದೇ ಗಂಟೆಗೆ ಹತ್ತಿರಹತ್ತಿರ ಅಷ್ಟನ್ನು ಉರಿಸುತ್ತದೆ. ರಾತ್ರಿಯಿಡೀ ಯಾರೂ ತುಂಬಿಸದಿದ್ದರೆ ಬೆಳಗಾಗುವ ಮೊದಲೇ ಪ್ರಜ್ಞೆ ತಪ್ಪಬೇಕು. ಹಾಗಾಗದಂತೆ ಕಾಯುವ ಕೆಲಸ ಲಿವರಿನದು. ಅದು ನಿಮಿಷಕ್ಕೆ, ದೇಹತೂಕದ ಪ್ರತಿ ಕಿಲೋಗೆ, ಸುಮಾರು 2 ಮಿ.ಗ್ರಾಂ ಗ್ಲೂಕೋಸ್ ಬಿಡುತ್ತದೆ. 60 ಕಿಲೋ ಮನುಷ್ಯನಿಗೆ ಗಂಟೆಗೆ 7 ಗ್ರಾಂ, ಎಂಟು ಗಂಟೆಯ ನಿದ್ದೆಗೆ 58 ಗ್ರಾಂ, ಚಮಚದ ಲೆಕ್ಕದಲ್ಲಿ ಹನ್ನೊಂದೂವರೆ ಚಮಚ ಸಕ್ಕರೆ. ಇದು ಆರೋಗ್ಯವಂತರ ಲೆಕ್ಕ. ಮಧುಮೇಹದಲ್ಲಿ ಇದು ಕಾಲು ಪಾಲು ಹೆಚ್ಚಾದರೂ ಸಾಕು, ಬರಿಯ ಗಂಜಿ ಉಂಡ ಪುಣ್ಯ ನೀರಿಗೆ ಹೋಗುತ್ತದೆ.

ಈ ಗ್ಲೂಕೋಸ್ ಬರುವುದು ಎರಡು ಕಡೆಯಿಂದ. ಒಂದು, ಉಂಡ ಮೇಲೆ ಲಿವರ್ ಕೂಡಿಟ್ಟ ಗ್ಲೈಕೋಜನ್ ಎಂಬ ಗ್ಲೂಕೋಸ್ ದಾಸ್ತಾನು, 80ರಿಂದ 100 ಗ್ರಾಂ. ಫ್ರಾನ್ಸಿನ ವಿಜ್ಞಾನಿ ಕ್ಲೋದ್ ಬರ್ನಾರ್ 1857ರಲ್ಲಿ ಇದನ್ನು ಲಿವರಿನಿಂದ ಬೇರ್ಪಡಿಸಿ ತೋರಿಸಿದರು. ಇನ್ನೊಂದು, ಲಿವರ್ ತಾನೇ ಹೊಸದಾಗಿ ಮಾಡುವ ಗ್ಲೂಕೋಸ್. ಸ್ನಾಯುಗಳಿಂದ ಬರುವ ಲ್ಯಾಕ್ಟೇಟ್, ಕೊಬ್ಬು ಕರಗಿದಾಗ ಸಿಗುವ ಗ್ಲಿಸರಾಲ್, ಪ್ರೋಟೀನಿನ ಅಮೈನೋ ಆಮ್ಲಗಳು ಇದರ ಕಚ್ಚಾವಸ್ತು. ಟೈಪ್ 2ರಲ್ಲಿ ಮುಖ್ಯವಾಗಿ ಹತೋಟಿ ತಪ್ಪುವುದು ಈ ಎರಡನೆಯದು. ಇದರ ಮೇಲೆ ನಸುಕಿನ ಮೂರರಿಂದ ಎಂಟರ ನಡುವೆ ಕಾರ್ಟಿಸೋಲ್, ಬೆಳವಣಿಗೆಯ ಹಾರ್ಮೋನ್ ಏರಿ, ‘ಏಳುವ ಹೊತ್ತಾಯಿತು, ಸಕ್ಕರೆ ಬಿಡು’ ಎಂದು ಲಿವರಿಗೆ ಹೇಳುತ್ತವೆ. ಸಾಕಷ್ಟು ಇನ್ಸುಲಿನ್ ಇರುವವರಲ್ಲಿ ಈ ಏರಿಕೆ ಕಾಣಿಸುವುದೇ ಇಲ್ಲ.

ಪ್ರ: ಇನ್ಸುಲಿನ್ ಲಿವರಿಗೆ ನಿಜಕ್ಕೂ ಏನು ಹೇಳುತ್ತದೆ?

‘ಉಣ್ಣುತ್ತಿದ್ದಾರೆ, ನೀನು ನಿಲ್ಲಿಸು’ ಎನ್ನುತ್ತದೆ. ಮೇದೋಜೀರಕದಲ್ಲಿ ಹುಟ್ಟಿದ ಇನ್ಸುಲಿನ್ ಮೊದಲು ಹೋಗುವುದು ಪೋರ್ಟಲ್ ಅಭಿಧಮನಿಯ ಮೂಲಕ ನೇರ ಲಿವರಿಗೆ. ಅಲ್ಲಿ ಅದರ ಸಾಂದ್ರತೆ ಉಳಿದ ರಕ್ತಕ್ಕಿಂತ ಎರಡು ಮೂರು ಪಟ್ಟು. ಸುಮಾರು ಅರ್ಧವನ್ನು ಲಿವರ್ ಮೊದಲ ಸುತ್ತಿನಲ್ಲೇ ಹಿಡಿದಿಟ್ಟು ಕರಗಿಸಿಬಿಡುತ್ತದೆ. ಕೈಕಾಲಿನ ಸ್ನಾಯುಗಳಿಗೆ ಸಿಗುವುದು ಉಳಿದದ್ದು.

ಲಿವರ್ ಜೀವಕೋಶದ ಹೊರಗೋಡೆಯಲ್ಲಿ ಇನ್ಸುಲಿನ್ ಗ್ರಾಹಕ ಇದೆ. ಇನ್ಸುಲಿನ್ ಅದಕ್ಕೆ ಕೂತಾಗ ಒಳಗಿನ ಐಆರ್‌ಎಸ್ ಎಂಬ ಪ್ರೋಟೀನುಗಳು ಚುರುಕಾಗುತ್ತವೆ, ಅವು ಪಿಐ3 ಕೈನೇಸನ್ನು ಎಬ್ಬಿಸುತ್ತವೆ, ಅದು ಎಕೆಟಿಯನ್ನು. ಎಲ್ಲ ದಾರಿಗಳೂ ಕವಲೊಡೆಯುವ ಜಂಕ್ಷನ್ ಈ ಎಕೆಟಿ. ಒಂದು ಕವಲು ಗ್ಲೈಕೋಜನ್ ಕೂಡಿಡುವ ಕಿಣ್ವಕ್ಕೆ. ಇನ್ನೊಂದು ಫಾಕ್ಸೋ-1 ಎಂಬ ಪ್ರೋಟೀನಿಗೆ. ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಕುಳಿತು ಗ್ಲೂಕೋಸ್ ತಯಾರಿಸುವ ಜೀನುಗಳನ್ನು ಉರಿಯಲ್ಲಿಡುವುದು ಫಾಕ್ಸೋ-1. ಎಕೆಟಿ ಅದಕ್ಕೆ ಫಾಸ್ಫೇಟ್ ಅಂಟಿಸಿ ನ್ಯೂಕ್ಲಿಯಸ್ಸಿನಿಂದ ಹೊರಗಟ್ಟುತ್ತದೆ, ಒಲೆ ಆರುತ್ತದೆ. ಮೂರನೆಯ ಕವಲು ಎಸ್‌ಆರ್‌ಇಬಿಪಿ-1ಸಿ ಮೂಲಕ ಕೊಬ್ಬು ತಯಾರಿಗೆ. ಈ ಮೂರನೆಯದನ್ನು ನೆನಪಿಟ್ಟುಕೊಳ್ಳಿ, ತೊಂದರೆಯ ಬೇರು ಅಲ್ಲಿದೆ.

ಇನ್ಸುಲಿನ್ ಲಿವರನ್ನು ಸುತ್ತುದಾರಿಯಿಂದಲೂ ಹಿಡಿಯುತ್ತದೆ. ಹೊಟ್ಟೆಯ ಕೊಬ್ಬು ಕರಗದಂತೆ ತಡೆದರೆ ಲಿವರಿಗೆ ಕೊಬ್ಬಿನಾಮ್ಲ, ಗ್ಲಿಸರಾಲ್ ಬರುವುದು ಕಡಿಮೆಯಾಗಿ ಗ್ಲೂಕೋಸ್ ತಯಾರಿಯೂ ತಗ್ಗುತ್ತದೆ. 2012ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗ ಇದಕ್ಕೆ ಒಳ್ಳೆಯ ಸಾಕ್ಷಿ: ಲಿವರಿನಲ್ಲಿ ಎಕೆಟಿಯನ್ನೂ ಫಾಕ್ಸೋ-1 ಅನ್ನೂ ತೆಗೆದುಹಾಕಿದ ಮೇಲೆಯೂ ಇನ್ಸುಲಿನ್ ಆ ಇಲಿಗಳ ಗ್ಲೂಕೋಸ್ ತಯಾರಿಯನ್ನು ತಗ್ಗಿಸಿತು. ಆದ್ದರಿಂದ ‘ಲಿವರಿಗೆ ಮದ್ದು’ ಎಂದರೆ ಲಿವರಿಗೆ ಮಾತ್ರ ಮದ್ದು ಎಂದು ತಿಳಿಯಬಾರದು.

ಪ್ರ: ಹಾಗಾದರೆ ನನ್ನ ಲಿವರ್ ಇನ್ಸುಲಿನ್ ಮಾತು ಕೇಳದಿರುವುದೇಕೆ?

ಮುಖ್ಯ ಕಾರಣ ಅದರೊಳಗೆ ತುಂಬಿದ ಕೊಬ್ಬು. ಕೊಬ್ಬು ತಯಾರಾಗುವ ನಡುಹಾದಿಯಲ್ಲಿ ಡೈಅಸೈಲ್‌ಗ್ಲಿಸರಾಲ್ ಎಂಬ ವಸ್ತು ಸೇರಿಕೊಳ್ಳುತ್ತದೆ. ಅದು ಇನ್ಸುಲಿನ್ ಗ್ರಾಹಕದ ಕೆಲಸಕ್ಕೇ ಅಡ್ಡಿ ಮಾಡುತ್ತದೆ ಎಂಬುದು ಹೆಚ್ಚು ಪುರಾವೆ ಇರುವ ವಿವರಣೆಗಳಲ್ಲಿ ಒಂದು.

ವಿಚಿತ್ರವೆಂದರೆ ಲಿವರ್ ಪೂರ್ತಿ ಕಿವುಡಾಗುವುದಿಲ್ಲ. ‘ಸಕ್ಕರೆ ನಿಲ್ಲಿಸು’ ಎಂದರೆ ಕೇಳಿಸದು, ‘ಕೊಬ್ಬು ಮಾಡು’ ಎಂದರೆ ಚೆನ್ನಾಗಿ ಕೇಳಿಸುತ್ತದೆ. 2008ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಇದನ್ನು ಆಯ್ದ ಇನ್ಸುಲಿನ್ ಪ್ರತಿರೋಧ ಎಂದು ಕರೆದರು. ಸಕ್ಕರೆ ಇಳಿಯದ್ದರಿಂದ ಮೇದೋಜೀರಕ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ, ಆ ಹೆಚ್ಚುವರಿ ಇನ್ಸುಲಿನ್ ಇನ್ನಷ್ಟು ಕೊಬ್ಬು ಮಾಡಿಸುತ್ತದೆ, ಆ ಕೊಬ್ಬು ಲಿವರನ್ನು ಇನ್ನಷ್ಟು ಕಿವುಡಾಗಿಸುತ್ತದೆ. ರಕ್ತಪರೀಕ್ಷೆಯಲ್ಲಿ ಶುಗರ್ ಮತ್ತು ಟ್ರೈಗ್ಲಿಸರೈಡ್ ಜೋಡಿಯಾಗಿ ಏರುವುದು ಇದೇ ಕಾರಣಕ್ಕೆ.

ಪ್ರ: ಕುಡಿಯುವುದಿಲ್ಲ, ಮೀನು ಮಾಂಸ ಮುಟ್ಟುವುದಿಲ್ಲ, ನೋಡಲು ಸಪೂರ. ನನಗೆ ಫ್ಯಾಟಿ ಲಿವರ್ ಹೇಗೆ?

ಸೊಂಟಪಟ್ಟಿ ತೆಗೆದು ಹೊಕ್ಕುಳಿನ ಮಟ್ಟದಲ್ಲಿ ಟೇಪು ಸುತ್ತಿ ನೋಡಿ. ನಮ್ಮವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಕೈಕಾಲು ಕಡ್ಡಿಯಂತಿದ್ದರೂ ಒಳಗೆ ಕೊಬ್ಬಿದೆ ಎಂದೇ ಲೆಕ್ಕ. ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23ಕ್ಕೇ ತೂಕ ಹೆಚ್ಚು. ಲಿವರಿನ ಕೊಬ್ಬಿಗೆ ಸಾರಾಯಿಯೇ ಬೇಕಿಲ್ಲ, ಹೆಚ್ಚಾದ ಅನ್ನ, ಬೆಲ್ಲ, ಕರಿದ ತಿಂಡಿ ಸಾಕು.

ಪ್ರ: ಬೆಳಗಿನ ಏರಿಕೆಗೆ ಲಿವರೇ ಕಾರಣ ಎಂದು ಮನೆಯಲ್ಲೇ ಗುರುತಿಸಬಹುದೇ?

ಮೂರು ರಾತ್ರಿ, ದಿನಕ್ಕೆ ಮೂರು ಸಲ ಪರೀಕ್ಷೆ ಮಾಡಿ: ಮಲಗುವಾಗ, ನಸುಕಿನ 3 ಗಂಟೆಗೆ, ಎದ್ದ ಕೂಡಲೇ ಚಹಾಕ್ಕೂ ಮೊದಲು. ಒಂದು ರಾತ್ರಿ ಮಾತ್ರ ನೋಡಿ ತೀರ್ಮಾನಿಸಬೇಡಿ. ಮೂರೂ ಒಂದೇ ಪುಸ್ತಕದಲ್ಲಿ ಬರೆದಿಡಿ.

ಮಲಗುವಾಗ 140, ಮೂರಕ್ಕೆ 138, ಎದ್ದಾಗ 170 ಎಂದಿದ್ದರೆ ಅದು ನಸುಕಿನ ಲಿವರ್ ಏರಿಕೆ. ಮಲಗುವಾಗಲೇ 215, ಮೂರಕ್ಕೆ 198, ಎದ್ದಾಗ 182 ಎಂದಿದ್ದರೆ ಲಿವರನ್ನು ಬೈಯಬೇಡಿ, ಅದು ರಾತ್ರಿಯೂಟದ ಬಾಕಿ. ಒಂಬತ್ತೂವರೆಗೆ ಉಣ್ಣುವವರು ಏಳೂವರೆಗೆ ಉಂಡು, ಉಂಡ ಮೇಲೆ ಅಂಗಳದಲ್ಲಿ 15 ನಿಮಿಷ ನಡೆದರೆ ಇದು ಸಾಮಾನ್ಯವಾಗಿ ತಗ್ಗುತ್ತದೆ. ಮೂರನೆಯದು ಅಪಾಯದ್ದು: ಮಲಗುವಾಗ 130, ಮೂರಕ್ಕೆ 62, ಎದ್ದಾಗ 175. ಇನ್ಸುಲಿನ್ ಅಥವಾ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುವ ಗ್ಲಿಮೆಪಿರೈಡ್ ಮಾತ್ರೆಯ ಪ್ರಮಾಣ ರಾತ್ರಿಗೆ ಹೆಚ್ಚಾಗಿದೆ ಎಂದರ್ಥ. ಬೆಳಗಿನ 175 ಮಾತ್ರ ನೋಡಿ ಪ್ರಮಾಣ ಏರಿಸಿದರೆ ಮುಂದಿನ ರಾತ್ರಿ ಇನ್ನೂ ಕೆಳಗಿಳಿಯುತ್ತದೆ. ಹೀಗೆ ಇಳಿದು ಏರುವುದು ಹಿಂದೆ ನಂಬಿದ್ದಷ್ಟು ಸಾಮಾನ್ಯವಲ್ಲ. ಆದರೂ ಮೂರು ಗಂಟೆಯ ಪರೀಕ್ಷೆ ತಪ್ಪಿಸಬಾರದು ಎನ್ನುವುದು ಇದೊಂದಕ್ಕಾಗಿ.

70ಕ್ಕಿಂತ ಕೆಳಗಿದ್ದರೆ ಆಗಲೇ 15 ಗ್ರಾಂ ಸಕ್ಕರೆ, ಅಂದರೆ ಮೂರು ಚಹಾ ಚಮಚ, ನೀರಿನಲ್ಲಿ ಕದಡಿ ಕುಡಿದು 15 ನಿಮಿಷದ ಮೇಲೆ ಮತ್ತೆ ನೋಡಿ. ಆ ಹೊತ್ತಿನಲ್ಲಿ ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡವಾಗಿಸುತ್ತದೆ.

ಪ್ರ: ಒಂದೇ ಬೆರಳು, ಎರಡು ನಿಮಿಷದ ಅಂತರ. ಒಮ್ಮೆ 161, ಒಮ್ಮೆ 184. ಮೀಟರ್ ಹಾಳಾಗಿದೆಯೇ?

ಹಾಳಾಗಿರಬೇಕೆಂದೇನಿಲ್ಲ. 100ರ ಮೇಲಿನ ಓದಿಗೆ ಶೇ. 15 ಆಚೀಚೆ ಹೋಗುವುದು ಈಗಿನ ಮಾನದಂಡದಲ್ಲೇ ಒಪ್ಪಿತ. ನಿಜವಾಗಿ 170 ಇದ್ದರೆ ಮೀಟರ್ 145ರಿಂದ 195ರವರೆಗೆ ಎಲ್ಲಿ ಬೇಕಾದರೂ ತೋರಿಸಬಹುದು. ಆದ್ದರಿಂದಲೇ ಒಂದು ಓದು ನೋಡಿ ಮದ್ದು ಬದಲಿಸಬಾರದು.

ಆದರೆ ನಮ್ಮ ಊರಿನ ಎರಡು ತಪ್ಪುಗಳಿವೆ. ಹಲಸಿನಹಣ್ಣು ಬಿಡಿಸಿ ಸೊಳೆ ತೆಗೆದ ಕೈಯನ್ನು ಬಟ್ಟೆಗೆ ಒರೆಸಿ ಬೆರಳು ಚುಚ್ಚಿದರೆ ಓದು ಸುಳ್ಳಾಗಿ ಏರುತ್ತದೆ. ಹನಿ ರಕ್ತಕ್ಕೆ ಬೆರಳಿನ ಸಕ್ಕರೆ ಸೇರುತ್ತದೆ. ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಅದು ಪೂರ್ತಿ ಹೋಗದು. ಸೋಪು ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಬೆರಳ ತುದಿಯ ಬದಿಗೆ ಚುಚ್ಚಿ. ಎಣ್ಣೆ ಹಚ್ಚಿ ಬಿಡಿಸಿದ ಕೈಯಾದರೆ ಎರಡು ಸಲ ತೊಳೆಯಿರಿ. ಇನ್ನೊಂದು ಆಟಿಯ ಮಳೆಗಾಲದ್ದು. ಸ್ಟ್ರಿಪ್ ಡಬ್ಬಿಯ ಮುಚ್ಚಳದೊಳಗೆ ತೇವ ಹೀರುವ ವಸ್ತು ಇರುತ್ತದೆ. ಮುಚ್ಚಳ ತೆರೆದಿಟ್ಟು ಪೆನ್ನು ಹುಡುಕುತ್ತಾ ಹೋದರೆ ಒಂದೇ ವಾರದಲ್ಲಿ ಸ್ಟ್ರಿಪ್ ಕೆಡುತ್ತದೆ. ಸ್ಟ್ರಿಪ್ಪನ್ನು ಕಾಗದದ ಪೊಟ್ಟಣಕ್ಕೆ, ಪರ್ಸಿಗೆ ಹಾಕಿಡುವ ಅಭ್ಯಾಸವಂತೂ ಬೇಡವೇ ಬೇಡ.

ಪ್ರ: ಎಸ್‌ಜಿಪಿಟಿ ನಾರ್ಮಲ್ ಬಂದಿದೆ. ಲಿವರ್ ಸರಿ ಇದೆ ಎಂದಲ್ಲವೇ?

ಅಲ್ಲ. ಕೊಬ್ಬು ತುಂಬಿದ, ಗಟ್ಟಿಯಾಗತೊಡಗಿದ ಲಿವರಿದ್ದೂ ರಕ್ತದಲ್ಲಿನ ಲಿವರ್ ಕಿಣ್ವವಾದ ಎಸ್‌ಜಿಪಿಟಿ ಸರಿಯಾಗಿರಬಹುದು. ಟೈಪ್ 2 ಇರುವವರೆಲ್ಲ, ಲಿವರ್ ಗಟ್ಟಿಯಾಗುತ್ತಿದೆಯೇ ಎಂದು ಅಂದಾಜಿಸುವ ಫಿಬ್-4 ಎಂಬ ಲೆಕ್ಕ ಹಾಕಿಸಬೇಕು. ಹೊಸ ಪರೀಕ್ಷೆ ಬೇಡ, ಮಾಮೂಲು ರಿಪೋರ್ಟಿನ ಅಂಕಿಗಳೇ ಸಾಕು. ವಯಸ್ಸನ್ನು ಇನ್ನೊಂದು ಕಿಣ್ವ ಎಸ್‌ಜಿಒಟಿಯಿಂದ ಗುಣಿಸಿ. ಅದನ್ನು, ಸಾವಿರದ ಲೆಕ್ಕದ ಪ್ಲೇಟ್‌ಲೆಟ್ ಸಂಖ್ಯೆ ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿ.

ಉದಾಹರಣೆಗೆ ವಯಸ್ಸು 52, ಎಸ್‌ಜಿಒಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2.1 ಲಕ್ಷ. 52 × 48 = 2496. 64ರ ವರ್ಗಮೂಲ 8, 210 × 8 = 1680. ಭಾಗಿಸಿದರೆ 1.49. 1.3ಕ್ಕಿಂತ ಕಡಿಮೆಯಾದರೆ ಲಿವರ್ ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. 2.67 ದಾಟಿದರೆ ಲಿವರ್ ತಜ್ಞರನ್ನು ಕಾಣಬೇಕು. ನಡುವೆ ಬಂದರೆ, ಈ ಉದಾಹರಣೆಯಂತೆ, ಲಿವರ್ ಎಷ್ಟು ಗಟ್ಟಿಯೆಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಬೇಕು. ಅದರಲ್ಲಿ 8 ಕಿಲೋಪ್ಯಾಸ್ಕಲ್‌ಗಿಂತ ಕೆಳಗಿದ್ದರೆ ಸದ್ಯಕ್ಕೆ ನಿಶ್ಚಿಂತೆ. 65 ದಾಟಿದವರಿಗೆ 1.3ರ ಬದಲು 2 ಎಂದು ಹಿಡಿಯುತ್ತಾರೆ, ಏಕೆಂದರೆ ವಯಸ್ಸೇ ಅಂಕಿಯನ್ನು ಏರಿಸುತ್ತದೆ. ಹೆಚ್ಚಿನವರು ಎಡವುವುದು ಪ್ಲೇಟ್‌ಲೆಟ್ ಬರೆಯುವಲ್ಲಿ: 2.1 ಲಕ್ಷವನ್ನು 210 ಎಂದೇ ಬರೆಯಬೇಕು, 2.1 ಎಂದಲ್ಲ.

ಅಲ್ಟ್ರಾಸೌಂಡ್ ರಿಪೋರ್ಟಿನ ‘ಗ್ರೇಡ್ 1 ಫ್ಯಾಟಿ ಲಿವರ್’ ಕೊಬ್ಬಿದೆ ಎಂದಷ್ಟೇ ಹೇಳುತ್ತದೆ, ಲಿವರ್ ಗಟ್ಟಿಯಾಗಿದೆಯೇ ಎಂಬುದನ್ನು ಹೇಳುವುದಿಲ್ಲ. ಖಾಲಿ ಹೊಟ್ಟೆಯ ಇನ್ಸುಲಿನ್ ಅಳೆಸಿ, ಇನ್ಸುಲಿನ್ ಪ್ರತಿರೋಧ ಅಂದಾಜಿಸುವ ಹೋಮಾ ಲೆಕ್ಕ ಹಾಕಿಸುವುದು ಸಂಶೋಧನೆಗೆ ಸರಿ, ಮನೆಯವರ ದುಡ್ಡಿಗೆ ದಂಡ. ಫಲಿತಾಂಶ ಏನೇ ಬಂದರೂ ಚಿಕಿತ್ಸೆ ಅದರಿಂದ ಬದಲಾಗುವುದು ಅಪರೂಪ.

ಪ್ರ: ಮೆಟ್‌ಫಾರ್ಮಿನ್ ಹಳೆಯ ಮದ್ದು. ಡಾಕ್ಟರರು ಇನ್ನೂ ಅದನ್ನೇ ಯಾಕೆ ಬರೆಯುತ್ತಾರೆ?

ಅದರ ಮುಖ್ಯ ಕೆಲಸವೇ ಲಿವರಿನ ಗ್ಲೂಕೋಸ್ ತಯಾರಿಯನ್ನು ತಗ್ಗಿಸುವುದು, ಅದಕ್ಕೆ. 1957ರಲ್ಲಿ ಫ್ರಾನ್ಸಿನಲ್ಲಿ ಮಧುಮೇಹಕ್ಕೆ ಬಳಕೆಗೆ ಬಂತು. ಒಂದೇ ಮದ್ದಾಗಿ ತಿಂದರೆ ಶುಗರ್ ಅಪಾಯಕ್ಕೆ ಇಳಿಯುವುದು ಅಪರೂಪ, ತೂಕ ಏರಿಸುವುದಿಲ್ಲ, ಬೆಲೆಯೂ ಕಡಿಮೆ.

ಹೊಟ್ಟೆ ಕೆಡುತ್ತದೆಂದು ಬಿಟ್ಟವರಲ್ಲಿ ಹಲವರಿಗೆ ಕೆಟ್ಟದ್ದು ಮದ್ದಿನಿಂದಲ್ಲ, ಆತುರದಿಂದ. ಸಾಮಾನ್ಯ ಕ್ರಮ ಹೀಗೆ: ಮೊದಲ ವಾರ ರಾತ್ರಿಯೂಟದ ನಡುವೆ 500 ಮಿ.ಗ್ರಾಂ ಒಂದು. ಹೊಟ್ಟೆ ಒಗ್ಗಿದರೆ ವಾರಕ್ಕೆ 500ರಂತೆ ಏರಿಸುತ್ತಾ 1000 ಅಥವಾ 2000ಕ್ಕೆ ಹೋಗುವುದು. ಖಾಲಿ ಹೊಟ್ಟೆಗೆ ನುಂಗಬಾರದು. ಭೇದಿ ನಿಲ್ಲದಿದ್ದರೆ ನಿಧಾನ ಬಿಡುಗಡೆಯ ಎಸ್‌ಆರ್ ಅಥವಾ ಎಕ್ಸ್‌ಆರ್ ಮಾತ್ರೆ ಕೇಳಿ. ಅದನ್ನು ಮುರಿಯಬಾರದು, ಅರೆಯಬಾರದು. ಮಲದಲ್ಲಿ ಇಡೀ ಮಾತ್ರೆಯಂತೆ ಏನೋ ಕಂಡರೆ ಗಾಬರಿ ಬೇಡ, ಮದ್ದು ಒಳಗೆ ಸೇರಿ ಬರಿಯ ಚಿಪ್ಪು ಹೊರಬಂದಿದೆ.

ಮೂತ್ರಪಿಂಡದ ಸೋಸುವ ಸಾಮರ್ಥ್ಯ ತಿಳಿಸುವ ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ ಮೆಟ್‌ಫಾರ್ಮಿನ್ ನಿಲ್ಲಿಸಬೇಕು, 30 ಮತ್ತು 45ರ ನಡುವೆ ಪ್ರಮಾಣ ಅರ್ಧಕ್ಕಿಳಿಸುತ್ತಾರೆ. ವಾಂತಿ ಭೇದಿ ಜೋರಾಗಿ ನೀರು ಕಳೆದುಕೊಂಡ ದಿನ, ಇಜಿಎಫ್‌ಆರ್ ಕಡಿಮೆ ಇರುವವರಿಗೆ ರಕ್ತನಾಳಕ್ಕೆ ಬಣ್ಣ ಹಾಕಿ ಸ್ಕ್ಯಾನ್ ಮಾಡುವ ದಿನ ತಡೆಹಿಡಿಯಬೇಕು. ವರ್ಷಗಟ್ಟಲೆ ತಿನ್ನುವವರಲ್ಲಿ ಬಿ12 ಇಳಿಯುತ್ತದೆ. ಮೀನು ಮೊಟ್ಟೆ ತಿನ್ನದ ಮನೆಗಳಲ್ಲಿ ಇದು ಬೇಗ ಕಾಣಿಸುತ್ತದೆ. ಪಾದ ಜುಮುಗುಟ್ಟಿದರೆ ‘ಶುಗರಿನ ನರದ ತೊಂದರೆ’ ಎಂದು ಸುಮ್ಮನಾಗದೆ ಬಿ12 ಅಳೆಸಿ.

ಪ್ರ: ಲಿವರಿನ ಕೊಬ್ಬನ್ನೇ ಇಳಿಸುವ ಮಾತ್ರೆ ಯಾವುದು?

ಪಿಯೋಗ್ಲಿಟಜೋನ್ ಇಳಿಸುತ್ತದೆ. ಕೊಬ್ಬನ್ನು ಲಿವರಿನಿಂದ ಚರ್ಮದಡಿಗೆ ಸಾಗಿಸುತ್ತದೆ, ಹಾಗಾಗಿ ಶುಗರ್ ಇಳಿದರೂ ತೂಕ ಏರುತ್ತದೆ, ಕಾಲು ಬಾಯುತ್ತದೆ. ಹೃದಯ ದುರ್ಬಲವಿದ್ದವರಿಗೆ ಕೊಡಬಾರದು, ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಮುರಿತ ಹೆಚ್ಚುತ್ತದೆ. ಭಾರತದಲ್ಲಿ 2013ರ ಜೂನಿನಲ್ಲಿ ಇದನ್ನು ತಡೆಹಿಡಿದು ಮುಂದಿನ ತಿಂಗಳೇ ಎಚ್ಚರಿಕೆಯ ಬರಹದೊಂದಿಗೆ ಮತ್ತೆ ಬಿಟ್ಟರು. ಸೆಮಾಗ್ಲುಟೈಡ್‌ನಂಥ ಜಿಎಲ್‌ಪಿ-1 ಮದ್ದುಗಳು ಹಸಿವು ತಗ್ಗಿಸಿ ತೂಕ ಇಳಿಸಿ, ಆ ಮೂಲಕ ಲಿವರಿನ ಕೊಬ್ಬು ಇಳಿಸುತ್ತವೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರಕ್ಕೆ ಬಿಡುತ್ತವೆ. ಅವುಗಳಿಂದ ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯದು, ಆದರೆ ಲಿವರ್ ಸುಮ್ಮನಿರದೆ ಗ್ಲೂಕೋಸ್ ತಯಾರಿಯನ್ನು ಸ್ವಲ್ಪ ಏರಿಸುತ್ತದೆ. ಇವನ್ನು ತಿನ್ನುವವರು ಉಪವಾಸದಲ್ಲೋ ವಾಂತಿಯಲ್ಲೋ ಸುಸ್ತಾಗಿ ಏದುಸಿರು ಬಿಟ್ಟರೆ, ಶುಗರ್ 180 ಮಾತ್ರ ಇದ್ದರೂ, ಕೀಟೋನ್ ಪರೀಕ್ಷೆ ಆಗಲೇಬೇಕು.

ಪ್ರ: ಚುಚ್ಚುವ ಇನ್ಸುಲಿನ್ ಲಿವರಿಗೆ ತಲುಪುತ್ತದೆಯೇ?

ತಲುಪುತ್ತದೆ, ಹಿಂಬಾಗಿಲಿನಿಂದ. ಮೇದೋಜೀರಕದ ಇನ್ಸುಲಿನ್ ಮೊದಲು ಲಿವರಿಗೆ, ಆಮೇಲೆ ಮೈಗೆ. ಹೊಟ್ಟೆಯ ಚರ್ಮಕ್ಕೆ ಚುಚ್ಚಿದ್ದು ಮೊದಲು ಮೈಗೆ, ಲಿವರಿಗೆ ಸಿಗುವುದು ಉಳಿದ ಅಂಗಗಳಷ್ಟೇ. ಲಿವರಿಗೆ ಸಾಲುವಷ್ಟು ಕೊಡಹೋದರೆ ಸ್ನಾಯುಗಳಿಗೆ ಅತಿಯಾಗುತ್ತದೆ. ಶುಗರ್ ದಿಢೀರ್ ಇಳಿಯುವುದಕ್ಕೂ ತೂಕ ಏರುವುದಕ್ಕೂ ಇದೊಂದು ಕಾರಣ.

ಇದನ್ನು ಸರಿಪಡಿಸಲು ನಡೆದ ಎರಡು ಪ್ರಯತ್ನಗಳನ್ನು ತಿಳಿದುಕೊಂಡರೆ ಜಾಹೀರಾತುಗಳಿಗೆ ಮರುಳಾಗುವುದು ತಪ್ಪುತ್ತದೆ. ಲಿವರಿಗೇ ಹೆಚ್ಚು ಹೋಗುವಂತೆ ಹಿಗ್ಗಿಸಿದ ಪೆಗ್‌ಲಿಸ್ಪ್ರೋ ಎಂಬ ಇನ್ಸುಲಿನ್ ಶುಗರನ್ನು ಚೆನ್ನಾಗಿ ಇಳಿಸಿತು, ಜೊತೆಗೆ ಲಿವರಿನ ಕೊಬ್ಬನ್ನೂ ಕಿಣ್ವಗಳನ್ನೂ ಏರಿಸಿತು. 2015ರ ಡಿಸೆಂಬರಿನಲ್ಲಿ ಕೈಬಿಟ್ಟರು. ಮೇಲೆ ಹೇಳಿದ ಮೂರನೆಯ ಕವಲು ನೆನಪಿದ್ದರೆ ಇದು ಆಶ್ಚರ್ಯವಲ್ಲ. ನುಂಗಿದರೆ ಕರುಳಿನಿಂದ ನೇರ ಪೋರ್ಟಲ್ ರಕ್ತಕ್ಕೆ ಸೇರುವ ಇನ್ಸುಲಿನ್ ಕ್ಯಾಪ್ಸೂಲ್ ಒಂದು ದೊಡ್ಡ ಪ್ರಯೋಗದ ಕೊನೆಯ ಹಂತಕ್ಕೆ ಬಂದು 2023ರ ಜನವರಿಯಲ್ಲಿ ಸೋತಿತು.

ಈಗ ಇರುವುದರಲ್ಲಿ ಬೆಳಗಿನ ಶುಗರಿಗೆ ಗ್ಲಾರ್ಜಿನ್‌ನಂಥ ದೀರ್ಘಾವಧಿಯ ಇನ್ಸುಲಿನ್. ಸಾಮಾನ್ಯವಾಗಿ 10 ಯೂನಿಟ್‌ನಿಂದ ಆರಂಭ, ಖಾಲಿ ಹೊಟ್ಟೆಯ ಶುಗರ್ ಗುರಿಗೆ ಬರುವವರೆಗೆ ಮೂರು ದಿನಕ್ಕೆ 2 ಯೂನಿಟ್ ಏರಿಕೆ. ಹೆಚ್ಚಿನವರಿಗೆ ಗುರಿ 80ರಿಂದ 130. ಎಲ್ಲಿ ನಿಲ್ಲಿಸಬೇಕೆಂದು ಡಾಕ್ಟರರು ಬರೆದುಕೊಟ್ಟಿರಬೇಕು. ದೇಹತೂಕದ ಕಿಲೋಗೆ ಅರ್ಧ ಯೂನಿಟ್ ದಾಟಿದ ಮೇಲೂ ಶುಗರ್ ಬಗ್ಗದಿದ್ದರೆ ಇನ್ನಷ್ಟು ಏರಿಸುವುದು ದಡ್ಡತನ, ಬೇರೆ ಮದ್ದು ಸೇರಿಸಬೇಕು. ಒಂದೇ ಜಾಗಕ್ಕೆ ದಿನಾ ಚುಚ್ಚಿ ಗಂಟು ಕಟ್ಟಿದ್ದರೆ ಆ ಗಂಟಿನೊಳಗೆ ಹಾಕಿದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಪ್ರಮಾಣ ಏರಿಸುವ ಮೊದಲು ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ.

ಪ್ರ: ಹೊಸದಾಗಿ ಲಿವರನ್ನೇ ಗುರಿಯಾಗಿಸಿ ಬಂದದ್ದೇನಿದೆ?

ಚೀನಾದಲ್ಲಿ 2022ರಲ್ಲಿ ಡೋರ್ಜಾಗ್ಲಿಯಾಟಿನ್‌ಗೆ ಒಪ್ಪಿಗೆ ಸಿಕ್ಕಿತು. ಲಿವರಿನಲ್ಲೂ ಮೇದೋಜೀರಕದಲ್ಲೂ ಗ್ಲೂಕೋಸನ್ನು ಮೊದಲು ಹಿಡಿಯುವ ಗ್ಲುಕೋಕೈನೇಸ್ ಎಂಬ ಕಿಣ್ವವನ್ನು ಅದು ಚುರುಕಾಗಿಸುತ್ತದೆ. ಸಕ್ಕರೆ ಬಿಡು ಎಂದು ಲಿವರಿಗೆ ಹೇಳುವ ಗ್ಲುಕಗಾನ್ ಹಾರ್ಮೋನನ್ನು ಲಿವರಿನಲ್ಲಿ ತಡೆಯುವ ಮದ್ದುಗಳು ಶುಗರನ್ನು ಭರ್ಜರಿಯಾಗಿ ಇಳಿಸಿದವು, ಕೊಲೆಸ್ಟರಾಲ್, ಲಿವರ್ ಕೊಬ್ಬು, ಕಿಣ್ವಗಳನ್ನು ಏರಿಸಿ ಹಿಂದೆ ಬಿದ್ದವು. ಲಿವರಿನ ಒಂದು ತಂತಿ ಎಳೆದರೆ ಇನ್ನೊಂದು ಕಡೆ ಗಂಟೆ ಬಾರಿಸುತ್ತದೆ.

ಪ್ರ: ತೂಕ ಎಷ್ಟು ಇಳಿದರೆ ಲಿವರ್ ಮಾತು ಕೇಳತೊಡಗುತ್ತದೆ?

ತೂಕ ಇಳಿಯತೊಡಗಿದರೆ ಆಶ್ಚರ್ಯವಾಗುವಷ್ಟು ಬೇಗ ಕೇಳುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 11 ಮಂದಿ ಟೈಪ್ 2 ರೋಗಿಗಳಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಮಾತ್ರ ಕೊಟ್ಟು ನೋಡಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದೇ ವಾರದಲ್ಲಿ ಖಾಲಿ ಹೊಟ್ಟೆಯ ಶುಗರ್ ಸಹಜಕ್ಕೆ ಬಂತು, ಲಿವರಿನ ಕೊಬ್ಬು ಶೇ. 30ರಷ್ಟು ಇಳಿಯಿತು. ಎಂಟು ವಾರಕ್ಕೆ ಲಿವರ್ ಕೊಬ್ಬು ಶೇ. 12.8ರಿಂದ 2.9ಕ್ಕೆ ಬಂತು. ಮುಂದೆ 2017ರ, ಬ್ರಿಟನ್ನಿನಲ್ಲಿ ತೂಕ ಇಳಿಸಿ ನೋಡಿದ ಡೈರೆಕ್ಟ್ ಎಂಬ ಪ್ರಯೋಗದಲ್ಲಿ, ರೋಗ ಕಂಡು ಆರು ವರ್ಷದೊಳಗಿನ, ಇನ್ಸುಲಿನ್ ತೆಗೆದುಕೊಳ್ಳದವರಲ್ಲಿ ಶೇ. 46 ಮಂದಿ ಒಂದು ವರ್ಷದ ಹೊತ್ತಿಗೆ ಮದ್ದಿಲ್ಲದೆ ಮಧುಮೇಹದ ಗಡಿಯಿಂದ ಕೆಳಗಿದ್ದರು. 15 ಕಿಲೋ ಇಳಿಸಿದವರಲ್ಲಿ ಶೇ. 86.

ಇದನ್ನು ಮನೆಯಲ್ಲೇ ನಕಲು ಮಾಡಬೇಡಿ. ಗ್ಲಿಮೆಪಿರೈಡ್, ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಅಷ್ಟು ಕಡಿಮೆ ಉಂಡರೆ ಆಸ್ಪತ್ರೆ ಸೇರುವಿರಿ. ಮದ್ದನ್ನು ಮೊದಲ ದಿನವೇ ಕಡಿತಗೊಳಿಸಬೇಕಾಗುತ್ತದೆ. ನಿಧಾನದ ದಾರಿಯಲ್ಲಿ, 70 ಕಿಲೋ ಇರುವವರು ಮೂರೂವರೆ ಕಿಲೋ ಇಳಿಸಿದರೆ ಲಿವರಿನ ಕೊಬ್ಬು ತಗ್ಗುತ್ತದೆ, ಐದರಿಂದ ಏಳು ಕಿಲೋ ಇಳಿದರೆ ಉರಿಯೂತವೂ.

ಪ್ರ: ಕುಚ್ಚಲಕ್ಕಿ ಗಂಜಿ, ತೆಂಗಿನೆಣ್ಣೆ, ಹಲಸು, ಕಲ್ಪರಸ. ಯಾವುದು ಲಿವರಿಗೆ ಆದೀತು?

ಕುಚ್ಚಲಕ್ಕಿ ಬೆಳ್ತಿಗೆಗಿಂತ ನಿಧಾನ, ಆದರೆ ಮುಕ್ತ ಪರವಾನಗಿಯಲ್ಲ. 50 ಗ್ರಾಂ ಅಕ್ಕಿ ಬೇಯಿಸಿದರೆ ಹತ್ತಿರಹತ್ತಿರ 39 ಗ್ರಾಂ ಕಾರ್ಬೋಹೈಡ್ರೇಟ್, ಗಂಜಿಯಾದರೂ ಅನ್ನವಾದರೂ ಅಷ್ಟೇ. ಅಕ್ಕಿಯನ್ನು ಬೇಯಿಸುವ ಮೊದಲೇ ಅಳೆಯಿರಿ, ಬೆಂದ ಮೇಲೆ ಸೌಟಿನ ಲೆಕ್ಕ ನೀರಿನೊಂದಿಗೆ ಮೋಸ ಮಾಡುತ್ತದೆ. ಗಂಜಿಗೆ ಉಪ್ಪಿನಕಾಯಿ ಮಾತ್ರವೆಂದರೆ ಹಸಿವು ಬೇಗ ಮರಳುತ್ತದೆ. ಹೆಸರು ಅಥವಾ ಹುರುಳಿಯ ಪಲ್ಯ, ಬಂಗುಡೆ ಅಥವಾ ಬೂತಾಯಿ ಸಾರು, ಜೊತೆಗೆ ತೊಂಡೆ, ಬಸಳೆ, ಹರಿವೆ ಯಾವುದಾದರೂ ಇರಲಿ. ಬೆಳ್ತಿಗೆಯ ನೀರುದೋಸೆ ಬಾಯಿಗೆ ಹಗುರ, ಲೆಕ್ಕಕ್ಕೆ ಅಲ್ಲ.

ತೆಂಗಿನೆಣ್ಣೆಯ ವಿಷಯದಲ್ಲಿ ನಮ್ಮವರಿಗೆ ಅಭಿಮಾನ ಜಾಸ್ತಿ. ಫಿನ್ಲೆಂಡಿನಲ್ಲಿ 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೂರು ವಾರ ದಿನಕ್ಕೆ 1000 ಕ್ಯಾಲೊರಿ ಹೆಚ್ಚು ತಿನ್ನಿಸಿದರು. ಬೆಣ್ಣೆ, ಚೀಸ್, ತೆಂಗಿನೆಣ್ಣೆಯಂಥ ಸ್ಯಾಚುರೇಟೆಡ್ ಕೊಬ್ಬು ತಿಂದವರಲ್ಲಿ ಲಿವರಿನ ಕೊಬ್ಬು ಶೇ. 55 ಏರಿತು, ಸಕ್ಕರೆ ತಿಂದವರಲ್ಲಿ ಶೇ. 33, ಅನ್‌ಸ್ಯಾಚುರೇಟೆಡ್ ಕೊಬ್ಬಿನವರಲ್ಲಿ ಶೇ. 15. ಒಗ್ಗರಣೆಯ ಒಂದು ಚಮಚದ ಮೇಲೆ ಯುದ್ಧ ಬೇಡ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ದಾಟದಂತೆ ಎಲ್ಲ ಎಣ್ಣೆಯ ಲೆಕ್ಕ ಇಡಿ, ಕರಿಯುವುದನ್ನು ಅಪರೂಪ ಮಾಡಿ.

ಹಲಸಿನಹಣ್ಣಿನ ಬೀಜ ತೆಗೆದ 100 ಗ್ರಾಂ ಸೊಳೆಯಲ್ಲಿ ಸುಮಾರು 19 ಗ್ರಾಂ ಸಕ್ಕರೆ. ಎಳೆಯ, ಬೆಳೆದರೂ ಹಣ್ಣಾಗದ ಕಾಯಿಯ ಕಥೆ ಬೇರೆ. ಆಂಧ್ರದ ಶ್ರೀಕಾಕುಳಂನಲ್ಲಿ 40 ಮಂದಿಯ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ ದಿನಕ್ಕೆ 30 ಗ್ರಾಂ ಹಲಸಿನಕಾಯಿ ಹುಡಿಯನ್ನು ಅಕ್ಕಿ ಅಥವಾ ಗೋಧಿ ಹುಡಿಯ ಬದಲಿಗೆ ಕೊಟ್ಟಾಗ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರಿನ ಅಳತೆ) ಇಳಿಯಿತು. ‘ಬದಲಿಗೆ’ ಎಂಬುದು ಮುಖ್ಯ. ಅನ್ನ ಉಂಡು ಮೇಲೆ ಹಲಸಿನ ದೋಸೆ ತಿಂದರೆ ಅದು ಪ್ರಯೋಗವಲ್ಲ, ಪಂಕ್ತಿ.

ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ರೂಪಿಸಿದ ಕಲ್ಪರಸ, ಅಂದರೆ ತೆಂಗಿನ ಹೂಗೊನೆಯ ಹುಳಿಯದ ರಸ, ಒಳ್ಳೆಯ ಉದ್ಯಮ, ಅದರ ಸಕ್ಕರೆಯೂ ರುಚಿ. ಆದರೆ ಅದರ ಬಹುಪಾಲು ಸುಕ್ರೋಸ್. ಸುಕ್ರೋಸಿನ ಅರ್ಧ ಫ್ರುಕ್ಟೋಸ್, ಅದು ಇನ್ಸುಲಿನ್ ಅಪ್ಪಣೆಗೂ ಕಾಯದೆ ಲಿವರಿನಲ್ಲಿ ಕೊಬ್ಬಾಗಬಲ್ಲದು. ಓಲೆಬೆಲ್ಲ, ಜೇನು, ಬಿಳಿ ಸಕ್ಕರೆ ಎಲ್ಲಕ್ಕೂ ಇದೇ ಮಾತು. ಬೊಂಡ ವಾರಕ್ಕೊಂದೆರಡು ಆದೀತು, ಹಗಲು, ಗಂಜಿ ಕಡಿಮೆ ಮಾಡಿ.

ಪ್ರ: ಏಕಾದಶಿ ಉಪವಾಸ ಮಾಡಬಹುದೇ?

ಮೆಟ್‌ಫಾರ್ಮಿನ್ ಮಾತ್ರ ಇದ್ದರೆ ಬಹುತೇಕ ತೊಂದರೆಯಿಲ್ಲ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಇನ್ಸುಲಿನ್ ಇದ್ದರೆ ಹಿಂದಿನ ದಿನವೇ ಪ್ರಮಾಣ ಕೇಳಿಕೊಳ್ಳಿ. ಡಪಾಗ್ಲಿಫ್ಲೋಜಿನ್‌ನಂಥ ಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನಿರ್ಜಲ ಉಪವಾಸಕ್ಕೆ ಹೊಂದದು. ಅನ್ನದ ಬದಲು ಅವಲಕ್ಕಿ ಪಾಯಸ, ಸಜ್ಜಿಗೆ, ಬಾಳೆಹಣ್ಣು ತಿನ್ನುವ ಉಪವಾಸವಾದರೆ ಲಿವರಿಗೆ ಅದು ಹಬ್ಬವೇ.

ಪ್ರ: ಸಂಜೆ ಸ್ವಲ್ಪ ಕಳ್ಳು ಕುಡಿದ ಮರುದಿನ ಶುಗರ್ ಕಡಿಮೆ ಬರುತ್ತದೆ. ಮದ್ದಿನಂತೆ ಆಯಿತಲ್ಲ?

ಮದ್ದಲ್ಲ, ಎಚ್ಚರಿಕೆ. ಆಲ್ಕೊಹಾಲ್ ಕರಗಿಸುವುದರಲ್ಲಿ ತೊಡಗಿದ ಲಿವರ್ ಹೊಸ ಗ್ಲೂಕೋಸ್ ತಯಾರಿ ನಿಲ್ಲಿಸುತ್ತದೆ. ಊಟ ಬಿಟ್ಟು ಕುಡಿದು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಂಡು ಮಲಗಿದರೆ ನಸುಕಿಗೆ ಪ್ರಜ್ಞೆ ತಪ್ಪಬಹುದು. ನೋಡಿದವರು ‘ಅಮಲು ಇಳಿದಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಗ್ಲೈಕೋಜನ್ ಖಾಲಿಯಾಗಿರುವಾಗ ಗ್ಲುಕಗಾನ್ ಸೂಜಿಯೂ ಸರಿಯಾಗಿ ಕೆಲಸ ಮಾಡದು, ರಕ್ತನಾಳಕ್ಕೇ ಗ್ಲೂಕೋಸ್ ಬೇಕು.

ಪ್ರ: ಅಮೃತಬಳ್ಳಿ ಕಷಾಯ, ಬಿಂಬುಳಿ ರಸ ಲಿವರ್ ತೊಳೆಯುತ್ತವಂತೆ, ಹೌದೇ?

ಲಿವರ್ ತೊಳೆಯುವಂಥದ್ದಲ್ಲ. ಅಮೃತಬಳ್ಳಿಯನ್ನು ದಿನಾ ಸೇವಿಸಿ ಹೆಪಟೈಟಿಸ್ ಆದ ಪ್ರಕರಣಗಳನ್ನು ಕೋವಿಡ್ ಕಾಲದಿಂದ ಈಚೆಗೆ ಭಾರತದ ಹಲವು ಆಸ್ಪತ್ರೆಗಳು ವರದಿ ಮಾಡಿವೆ. ಬಿಂಬುಳಿಯ ಗಟ್ಟಿ ರಸ ಕುಡಿದು ಆಕ್ಸಲೇಟ್ ಎಂಬ ಹರಳು ಕಟ್ಟಿ ಮೂತ್ರಪಿಂಡ ಕೆಟ್ಟ ಪ್ರಕರಣಗಳು ಕೇರಳದಿಂದಲೇ 2013ರಲ್ಲಿ ಪ್ರಕಟವಾದವು. ಸಾರಿಗೆ ಎರಡು ಬಿಂಬುಳಿ ಹಾಕುವುದು ಬೇರೆ, ಲೋಟಗಟ್ಟಲೆ ಹಿಂಡಿ ಕುಡಿಯುವುದು ಬೇರೆ. ಮೂತ್ರಪಿಂಡ ಕೆಟ್ಟರೆ ಮೆಟ್‌ಫಾರ್ಮಿನ್ ಕೂಡ ಕೈತಪ್ಪುತ್ತದೆ.

ಪ್ರ: ಒಮ್ಮೆ ಊರಿನ ಕುಟುಂಬ ಆರೋಗ್ಯ ಕೇಂದ್ರಕ್ಕೆ, ಒಮ್ಮೆ ಮಂಗಳೂರಿಗೆ ಹೋಗುತ್ತೇವೆ. ಏನು ಜೊತೆಗಿರಬೇಕು?

ಎರಡೂ ಕಡೆಯ ಚೀಟಿ ಒಂದೇ ಫೈಲಿನಲ್ಲಿ. ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಒಂದೇ ಮದ್ದನ್ನು ಎರಡು ಸಲ ತಿನ್ನುವುದು ಹೀಗೆ ಎರಡು ಕಡೆ ತೋರಿಸುವವರಲ್ಲೇ. ಗ್ಲಿಮೆಪಿರೈಡ್ ಮೆಟ್‌ಫಾರ್ಮಿನ್ ಕೂಡಿದ ಮಾತ್ರೆ ಒಂದು ಕಡೆಯಿಂದ, ಬರಿಯ ಗ್ಲಿಮೆಪಿರೈಡ್ ಇನ್ನೊಂದು ಕಡೆಯಿಂದ. ಆದ್ದರಿಂದ ಖಾಲಿ ಸ್ಟ್ರಿಪ್ ಎಸೆಯದೆ ಒಯ್ಯಿರಿ, ಕಂಪನಿಯ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಮದ್ದಿನ ಹೆಸರನ್ನು ತೋರಿಸಿ. ಮೂರು ರಾತ್ರಿಯ ಒಂಬತ್ತು ಓದು, ಇತ್ತೀಚಿನ ಎಚ್‌ಬಿಎ1ಸಿ, ಕ್ರಿಯಾಟಿನಿನ್, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಮತ್ತು ಸೊಂಟದ ಅಳತೆ ಒಂದೇ ಹಾಳೆಯಲ್ಲಿ ಬರೆದಿದ್ದರೆ ಐದು ನಿಮಿಷದ ಭೇಟಿಯಲ್ಲೂ ಕೆಲಸ ಆಗುತ್ತದೆ. ಕುಡಿಯುತ್ತಿರುವ ಕಷಾಯದ ಹೆಸರೂ ಆ ಹಾಳೆಯಲ್ಲಿರಲಿ.